ಗಡ್ಡದ ಓತಿಗೆ ಕಡ ತಂದ ಬಿಸಿಲು

‘ಬಿಯರ್ಡೆಡ್ ಡ್ರ್ಯಾಗನ್’ ಎಂಬ ಇಂಗ್ಲಿಷ್ ಹೆಸರಿನಿಂದಲೇ ಜಗತ್ತಿನೆಲ್ಲೆಡೆ ಪರಿಚಿತವಾಗಿರುವ, ಸಾಕುವವರ ಬಾಯಲ್ಲಿ ಮೊಟಕಾಗಿ ‘ಬಿಯರ್ಡಿ’ ಎನಿಸಿಕೊಂಡಿರುವ ಆಸ್ಟ್ರೇಲಿಯಾದ ಪ್ರಾಣಿಗೆ ಕನ್ನಡದಲ್ಲಿ ರೂಢಿಯ ಹೆಸರೊಂದು ಇನ್ನೂ ಹುಟ್ಟಿಲ್ಲವಾದರೂ, ಅದನ್ನು ‘ಗಡ್ಡದ ಓತಿ’ ಎಂದು ಕರೆದರೆ ತಪ್ಪಾಗಲಾರದು; ಏಕೆಂದರೆ ಅದು ಗೋಡೆಯ ಹಲ್ಲಿಯ ಬಳಗದ್ದಲ್ಲ, ಕರ್ನಾಟಕದ ಹೊಲದ ಬೇಲಿಗಳ ಮೇಲೆ ಕುಳಿತು ತಲೆಯಾಡಿಸುವ ಓತಿಕ್ಯಾತನ ಕುಟುಂಬಕ್ಕೆ, ಅಂದರೆ ಅಗಾಮಿಡೇ ಎಂಬ ಕುಟುಂಬಕ್ಕೆ ಸೇರಿದ್ದು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯ ಓದುಗರಿಗೆ ಚಿರಪರಿಚಿತವಾದ ಪಶ್ಚಿಮಘಟ್ಟದ ಹಾರುವ ಓತಿಯೂ ಇದೇ ಕುಟುಂಬದ್ದು. ಗಡ್ಡದ ಓತಿಗಳ ಶಾಸ್ತ್ರೀಯ ಕುಲನಾಮವಾದ ‘ಪೊಗೋನಾ’ ಗಡ್ಡವೆಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಕುವಿಯೆ ಎಂಬ ಫ್ರೆಂಚ್ ಪ್ರಾಣಿವಿಜ್ಞಾನಿ 1829ರಲ್ಲಿ ವಿವರಿಸಿದ ಪೂರ್ವ ಆಸ್ಟ್ರೇಲಿಯಾದ ಪ್ರಭೇದಕ್ಕೆ ‘ಬಾರ್ಬಾಟಾ’ ಎಂಬ, ಅದೇ ಅರ್ಥದ ಲ್ಯಾಟಿನ್ ವಿಶೇಷಣವೂ ಅಂಟಿಕೊಂಡಿರುವುದರಿಂದ, ಆ ಬಡಪಾಯಿಯ ಪೂರ್ತಿ ಹೆಸರು ‘ಗಡ್ಡದ ಗಡ್ಡದವ’ ಎಂದಾಗಿದೆ. ಇಂದು ಮನೆಗಳಲ್ಲಿ ಸಾಕುವುದು ಬಹುತೇಕ ಅದರ ಸೋದರ ಪ್ರಭೇದವಾದ, ಜರ್ಮನಿಯ ಅರ್ನ್ಸ್ಟ್ ಆಲ್ 1926ರಲ್ಲಿ ಹೆಸರಿಟ್ಟ ಪೊಗೋನಾ ವಿಟ್ಟಿಸೆಪ್ಸ್ ಅನ್ನು. ತಲೆಯಿಂದ ಬಾಲದ ತುದಿಯವರೆಗೆ 45ರಿಂದ 60 ಸೆಂಟಿಮೀಟರ್ ಉದ್ದ, ಅರ್ಧ ಕಿಲೋದೊಳಗಿನ ತೂಕ, ಪಕ್ಕೆಗಳ ಅಂಚಿಗೆ ಮುಳ್ಳಿನ ಸಾಲು, ಹೆದರಿದಾಗ ಉಬ್ಬಿ ಕಪ್ಪಾಗುವ ಗಂಟಲ ಚರ್ಮ, ಇವು ಅದರ ಹೊರಗುರುತುಗಳು. ಮುಳ್ಳುಗಳು ನೋಡಲು ಭಯಂಕರವಾದರೂ ಮುಟ್ಟಿದರೆ ರಬ್ಬರಿನಂತೆ ಬಾಗುತ್ತವೆ.

ಈ ಓತಿಯ ತವರು ಆಸ್ಟ್ರೇಲಿಯಾದ ಪೂರ್ವಾರ್ಧದ ಒಳನಾಡು. ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳ ಪಶ್ಚಿಮ ಭಾಗ, ವಿಕ್ಟೋರಿಯಾದ ವಾಯವ್ಯ ಮೂಲೆ, ದಕ್ಷಿಣ ಆಸ್ಟ್ರೇಲಿಯಾದ ಪೂರ್ವ ಭಾಗಗಳಲ್ಲಿ ಹರಡಿರುವ ಕೆಂಪು ಮಣ್ಣಿನ, ಕುರುಚಲು ಗಿಡಗಳ, ಹಗಲು ಕಾದು ರಾತ್ರಿ ತಣ್ಣಗಾಗುವ ಬಯಲದು. ಓತಿಕೇತಕ್ಕೆ ಬೇಲಿ ಸಾಕ್ಷಿ ಎಂಬ ಕನ್ನಡದ ಗಾದೆ ಆ ನಾಡಿಗೂ ಅಕ್ಷರಶಃ ಒಪ್ಪುತ್ತದೆ. ಹೆದ್ದಾರಿಯ ಪಕ್ಕದ ಕುರಿಹೊಲಗಳ ಬೇಲಿಗೂಟಗಳೇ ಈ ಪ್ರಾಣಿ ಬಿಸಿಲು ಕಾಯಿಸಿಕೊಳ್ಳುವ ಮೆಚ್ಚಿನ ತಾಣಗಳು. ತನ್ನ ದೇಹದ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳಲಾರದೆ ಹೊರಗಿನ ಬಿಸಿಯನ್ನೇ ನೆಚ್ಚಿರುವ, ವಾಡಿಕೆಯಲ್ಲಿ ‘ಶೀತರಕ್ತ’ ಎಂದು ಕರೆಯಲಾಗುವ ಜೀವಿಗಳಲ್ಲಿ ಇದೂ ಒಂದು. ಆದರೆ ಈ ಪದ ದಾರಿ ತಪ್ಪಿಸುವಂಥದ್ದು, ಏಕೆಂದರೆ ಮಧ್ಯಾಹ್ನದ ಹೊತ್ತಿಗೆ ಬೇಲಿಗೂಟದ ಮೇಲೆ ಕುಳಿತ ಓತಿಯ ರಕ್ತ ಅದನ್ನು ನೋಡುತ್ತ ನಿಂತ ಮನುಷ್ಯನ ರಕ್ತದಷ್ಟೇ ಬೆಚ್ಚಗಿರಬಹುದು. ಬಿಸಿಯನ್ನು ಹೀರುವ ಮತ್ತು ತಡೆಯುವ ಕೆಲಸವನ್ನು ಅದು ಮೈಬಣ್ಣದಿಂದಲೇ ನಡೆಸುತ್ತದೆ. 2016ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ತೋರಿಸಿದಂತೆ, ಮೈ ತಣ್ಣಗಿರುವಾಗ ಬೆನ್ನು ಗಾಢವಾಗಿ ಬಿಸಿಲನ್ನು ಹೀರಿಕೊಳ್ಳುತ್ತದೆ, ಕಾದ ಮೇಲೆ ತಿಳಿಯಾಗಿ ಅದನ್ನು ಹಿಂದಕ್ಕೆ ಎಸೆಯುತ್ತದೆ; ಗಡ್ಡದ ಬಣ್ಣ ಮಾತ್ರ ಈ ಲೆಕ್ಕಾಚಾರಕ್ಕೆ ಸಿಗದೆ, ಎದುರಾಳಿಗೋ ಸಂಗಾತಿಗೋ ತೋರಿಸುವ ಸಂಕೇತಕ್ಕಾಗಿ ಬದಲಾಗುತ್ತದೆ. ನೀರಿನ ವಿಷಯದಲ್ಲಿಯೂ ಅದರ ಮೈ ಅಷ್ಟೇ ಮಿತವ್ಯಯಿ. ಅಪರೂಪಕ್ಕೆ ಮಳೆ ಬಂದಾಗ ಹಿಂಗಾಲುಗಳನ್ನು ಎತ್ತರಿಸಿ, ತಲೆ ತಗ್ಗಿಸಿ ನಿಂತುಕೊಂಡರೆ, ಬೆನ್ನಿನ ಮೇಲೆ ಬಿದ್ದ ಹನಿಗಳು ಬಾಯಿಯ ಕಡೆಗೆ ಇಳಿದು ಬರುತ್ತವೆ, ಅದು ತನ್ನ ಮೂತಿಯನ್ನೇ ನೆಕ್ಕುತ್ತ ಬಾಯಾರಿಕೆ ತೀರಿಸಿಕೊಳ್ಳುತ್ತದೆ.

ಇಂಥ ಪ್ರಾಣಿ ಯುರೋಪ್, ಅಮೆರಿಕ, ಏಷ್ಯಾಗಳ ಮನೆಗಳನ್ನು ಸೇರಿದ ಬಗೆ ಅಷ್ಟು ಗೌರವದ ಕಥೆಯೇನಲ್ಲ. ಆಸ್ಟ್ರೇಲಿಯಾ ತನ್ನ ನೆಲದ ವನ್ಯಜೀವಿಗಳನ್ನು ಜೀವಂತವಾಗಿ ವ್ಯಾಪಾರಕ್ಕಾಗಿ ಹೊರಗೆ ಕಳುಹಿಸುವುದನ್ನು 1960ರ ದಶಕದಲ್ಲಿಯೇ ನಿಲ್ಲಿಸಿತು. ಆದ್ದರಿಂದ ಇಂದು ಹೊರದೇಶಗಳಲ್ಲಿ ಮಾರಾಟವಾಗುತ್ತಿರುವ ಗಡ್ಡದ ಓತಿಗಳ ಪೂರ್ವಜರಲ್ಲಿ ಬಹುಪಾಲು ಅನಂತರದ ದಶಕಗಳಲ್ಲಿ ಕಳ್ಳಸಾಗಣೆಯ ಮೂಲಕವೇ ಗಡಿ ದಾಟಿದವು ಎಂದು ತಿಳಿಯಲಾಗಿದೆ. ಆ ಕೆಲವೇ ಪೂರ್ವಜರಿಂದ ಪಂಜರದಲ್ಲಿಯೇ ಮರಿ ಮಾಡುತ್ತ ಬಂದ ಸಂತತಿ ಈಗ ಎಷ್ಟೋ ತಲೆಮಾರುಗಳನ್ನು ಕಂಡಿದೆ, ಕಾಡಿನಿಂದ ಹಿಡಿದು ತರುವ ಅಗತ್ಯ ಉಳಿದಿಲ್ಲ. ಹಾಗೆಂದು ತವರಿನಲ್ಲಿ ಅದನ್ನು ಬೇಕೆಂದವರು ಬೇಕೆಂದಂತೆ ಸಾಕಬಹುದೆಂದೇನೂ ಇಲ್ಲ. ನ್ಯೂ ಸೌತ್ ವೇಲ್ಸ್‌ನಂಥ ರಾಜ್ಯಗಳಲ್ಲಿ ಅದಕ್ಕೆ ಪರವಾನಗಿ ಪಡೆಯಬೇಕು.

ಸಾಕುವವರು ಕೊಳ್ಳುವುದು ಒಂದು ಓತಿಯನ್ನು ಎಂದು ಹೇಳುವುದಕ್ಕಿಂತ, ಅವರು ಮನೆಯೊಳಗೆ ಒಂದಿಷ್ಟು ಬಿಸಿಲನ್ನು ಸಾಕತೊಡಗುತ್ತಾರೆ ಎಂದು ಹೇಳುವುದೇ ಹೆಚ್ಚು ಸರಿ, ಏಕೆಂದರೆ ಖರ್ಚು, ಶ್ರಮ, ತಪ್ಪುಗಳೆಲ್ಲವೂ ಬಂದು ಸೇರುವುದು ಅಲ್ಲಿಗೇ. ಬೆಳೆದ ಓತಿಗೆ ಸುಮಾರು 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಪೆಟ್ಟಿಗೆ ಬೇಕೆಂಬುದು ಈಗಿನ ಸಾಮಾನ್ಯ ಅಭಿಪ್ರಾಯ. ಆ ಉದ್ದಕ್ಕೆ ಕಾರಣ ಓತಿಯ ಓಡಾಟವಷ್ಟೇ ಅಲ್ಲ. ಪೆಟ್ಟಿಗೆಯ ಒಂದು ತುದಿಯಲ್ಲಿ ದೀಪದ ಕೆಳಗಿನ ಕಲ್ಲು 38ರಿಂದ 42 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದಿರಬೇಕು, ಇನ್ನೊಂದು ತುದಿ 25ರ ಆಸುಪಾಸಿನಲ್ಲಿ ತಂಪಾಗಿರಬೇಕು, ನಡುವಿನ ಜಾಗದಲ್ಲಿ ಬಿಸಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಬೇಕಾದ ಬಿಸಿಯನ್ನು ಪ್ರಾಣಿಯೇ ಆರಿಸಿಕೊಳ್ಳಲು ಅನುವಾಗುವ ಈ ಏರ್ಪಾಡನ್ನು ‘ತಾಪದ ಇಳಿಜಾರು’ ಎನ್ನಬಹುದು. ಪೆಟ್ಟಿಗೆ ಚಿಕ್ಕದಾದಷ್ಟೂ ಈ ಇಳಿಜಾರು ಕುಸಿದು, ಇಡೀ ಪೆಟ್ಟಿಗೆ ಒಂದೇ ಬಿಸಿಯ ಒಲೆಯಾಗಿಬಿಡುತ್ತದೆ. ಬೆಳಿಗ್ಗೆ ದೀಪ ಹೊತ್ತಿದ ಕೂಡಲೇ ನಡೆಯುವುದನ್ನು ಸಮೀಪದಿಂದ ನೋಡಿದರೆ ಇದರ ಅರ್ಥ ತಿಳಿಯುತ್ತದೆ: ರಾತ್ರಿಯ ತಂಪಿನಲ್ಲಿ ಜಡವಾಗಿದ್ದ ಓತಿ ನಿಧಾನವಾಗಿ ಕಲ್ಲನ್ನು ಏರುತ್ತದೆ, ಪಕ್ಕೆಲುಬುಗಳನ್ನು ಅಗಲಿಸಿ ಮೈಯನ್ನು ರೊಟ್ಟಿಯಂತೆ ಚಪ್ಪಟೆಯಾಗಿಸುತ್ತದೆ, ಬೆಳಕು ಬರುವ ಕಡೆಗೆ ಬೆನ್ನನ್ನು ವಾಲಿಸಿ ಕಣ್ಣರೆಮುಚ್ಚಿ ಕೂರುತ್ತದೆ; ಹೊತ್ತು ಕಳೆದಂತೆ ಬೂದುಗಪ್ಪು ಬಣ್ಣ ಹಿಂಜರಿದು ಕಂದು ಹಳದಿ ಮೇಲೆ ಬರುತ್ತದೆ; ಸಾಕಷ್ಟು ಕಾದಾಯಿತೆನ್ನುವಾಗ ಬಾಯಿಯನ್ನು ಒಂದಿಷ್ಟು ತೆರೆದು, ಶಾಖವನ್ನು ಹೊರಬಿಡುತ್ತ ಕದಲದೆ ಕುಳಿತಿರುತ್ತದೆ. ತೆರೆದ ಬಾಯಿಯನ್ನು ಕಂಡು ಅದು ಕೋಪಗೊಂಡಿದೆಯೆಂದು ಹೊಸಬರು ತಿಳಿಯುವುದುಂಟು. ಹೊಟ್ಟೆಯೊಳಗಿನ ಆಹಾರ ಜೀರ್ಣವಾಗುವುದೂ ಈ ಕಾಯುವಿಕೆಯ ಮೇಲೆಯೇ ನಿಂತಿದೆ, ತಣ್ಣಗಿರುವ ಓತಿಯ ಹೊಟ್ಟೆಯಲ್ಲಿ ತಿಂದದ್ದು ಹಾಗೆಯೇ ಉಳಿಯುತ್ತದೆ.

ಬಿಸಿ ಕಣ್ಣಿಗೆ ಕಾಣದಿದ್ದರೂ ಕೈಗೆ ತಿಳಿಯುತ್ತದೆ, ಥರ್ಮಾಮೀಟರಿಗೆ ಸಿಗುತ್ತದೆ. ಬಿಸಿಲಿನ ಇನ್ನೊಂದು ಅಂಶವಾದ ನೇರಳಾತೀತ ಕಿರಣಗಳು ಮಾತ್ರ ಕಣ್ಣಿಗೂ ಕೈಗೂ ಎಟುಕುವುದಿಲ್ಲ, ಸಾಕುವವರ ಬಹುಪಾಲು ಸೋಲುಗಳು ಆಗುವುದು ಇಲ್ಲಿಯೇ. ಈ ಕಿರಣಗಳಲ್ಲಿ ‘ಯುವಿಬಿ’ ಎಂದು ಕರೆಯಲಾಗುವ ಭಾಗ ಚರ್ಮದಲ್ಲಿರುವ ಕೊಲೆಸ್ಟ್ರಾಲ್ ಜಾತಿಯ ಪದಾರ್ಥವೊಂದರ ಮೇಲೆ ಬಿದ್ದಾಗ ಅದು ಮುರಿದು ವಿಟಮಿನ್ ಡಿ3ರ ಪೂರ್ವರೂಪವಾಗುತ್ತದೆ. ಆ ಪೂರ್ವರೂಪ ನಿಜವಾದ ಡಿ3 ಆಗಲು ದೇಹದ ಬಿಸಿ ಬೇಕು. ಹಾಗೆ ಆದದ್ದು ಯಕೃತ್ತು ಮತ್ತು ಮೂತ್ರಪಿಂಡಗಳನ್ನು ಹಾದು ಸಕ್ರಿಯ ರೂಪಕ್ಕೆ ಬಂದ ಮೇಲಷ್ಟೇ ಕರುಳು ಆಹಾರದಲ್ಲಿನ ಕ್ಯಾಲ್ಸಿಯಮನ್ನು ಸರಿಯಾಗಿ ಹೀರಿಕೊಳ್ಳಬಲ್ಲದು. ಮರುಭೂಮಿಯಲ್ಲಿ ಬಿಸಿಯೂ ಕಿರಣವೂ ಒಂದೇ ಸೂರ್ಯನಿಂದ ಒಟ್ಟಿಗೇ ಸುರಿಯುತ್ತವೆ, ಮನೆಯೊಳಗೆ ಅವೆರಡನ್ನೂ ಬೇರೆ ಬೇರೆ ದೀಪಗಳಿಂದ ತಂದು ಒಂದೇ ಕಲ್ಲಿನ ಮೇಲೆ ಕೂಡಿಸಬೇಕಾಗುತ್ತದೆ. ಕಿಟಕಿಯ ಪಕ್ಕದಲ್ಲಿಟ್ಟರೆ ಸಾಕೆಂಬ ಎಣಿಕೆ ನಿಲ್ಲುವುದಿಲ್ಲ, ಏಕೆಂದರೆ ಸಾಮಾನ್ಯ ಕಿಟಕಿಯ ಗಾಜು ಬೆಳಕನ್ನು ಬಿಟ್ಟು ಯುವಿಬಿಯನ್ನು ತಡೆಯುತ್ತದೆ. ಗಾಜಿನ ತೊಟ್ಟಿಯನ್ನೇ ಬಿಸಿಲಿಗಿಟ್ಟರೆ ಕಿರಣ ಸಿಗದೆ ಪ್ರಾಣಿ ಬೆಂದುಹೋಗುವ ಅಪಾಯ ಬೇರೆ. ಸರೀಸೃಪಗಳಿಗೆಂದೇ ತಯಾರಾಗುವ ಪ್ರತಿದೀಪ್ತ ಕೊಳವೆಗಳು, ಅಂದರೆ ಟ್ಯೂಬ್‌ಲೈಟುಗಳು, ಈ ಕಿರಣವನ್ನು ಕೊಡುತ್ತವೆ. ಆದರೆ ಅವು ನಂಬಿಸಿ ಕೈಕೊಡುವ ಸ್ವಭಾವದವು: ತಯಾರಿಕೆಯನ್ನು ಅನುಸರಿಸಿ ಆರು ತಿಂಗಳಿನಿಂದ ಒಂದು ವರ್ಷದೊಳಗೆ ಅವುಗಳ ಯುವಿಬಿ ಕುಂದಿಹೋದರೂ ಕಣ್ಣಿಗೆ ಕಾಣುವ ಬೆಳಕು ಮೊದಲಿನಂತೆಯೇ ಇರುತ್ತದೆ.

ಆಗ ದೇಹದೊಳಗೆ ನಡೆಯುವುದು ಒಂದು ಬಗೆಯ ಗುಟ್ಟಿನ ಕಳವು. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಹೃದಯವೂ ಸ್ನಾಯುಗಳೂ ಕೆಲಸ ಮಾಡಲಾರವಾದ್ದರಿಂದ, ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು ಮೂಳೆಗಳಲ್ಲಿ ಕೂಡಿಟ್ಟ ಕ್ಯಾಲ್ಸಿಯಮನ್ನು ತೆಗೆದು ರಕ್ತಕ್ಕೆ ತುಂಬುತ್ತದೆ. ಹೊರಗಿನಿಂದ ನೋಡಿದರೆ ಓತಿ ಸುಖವಾಗಿ ಕುಳಿತಂತೆ ಕಾಣುತ್ತದೆ. ಮೂಳೆಯ ಚಯಾಪಚಯ ರೋಗವೆಂದು ಪಶುವೈದ್ಯರು ಹೆಸರಿಸುವ ಈ ಸ್ಥಿತಿ ಹೊರಬೀಳುವುದು ತಡವಾಗಿ. ಮೊದಲಿಗೆ ಕಾಲ್ಬೆರಳುಗಳ ತುದಿಯಲ್ಲಿ ಸಣ್ಣ ಅದುರು ಕಾಣಿಸಿಕೊಳ್ಳುತ್ತದೆ; ಆಮೇಲೆ, ಮುಂಗಾಲು ಊರಿ ಎದೆ ಎತ್ತಿ ಕೂರುತ್ತಿದ್ದ ಪ್ರಾಣಿ ನೆಲಕ್ಕೆ ಹೊಟ್ಟೆ ಹಚ್ಚಿ ತೆವಳತೊಡಗುತ್ತದೆ; ಕೆಳದವಡೆಯನ್ನು ಬೆರಳಿನಿಂದ ಮೆಲ್ಲನೆ ಒತ್ತಿದರೆ ಮೂಳೆಯ ಬದಲು ರಬ್ಬರು ಸಿಕ್ಕಂತಾಗುತ್ತದೆ; ಹುಳವನ್ನು ಕಚ್ಚಲು ಹೋದಾಗ ದವಡೆ ಬಾಗಿ ಹುಳ ಜಾರುತ್ತದೆ. ಮರಿಗಳು ಬೇಗ ಬೆಳೆಯುವುದರಿಂದ ಅವುಗಳಿಗೆ ಇದರ ಹೊಡೆತ ಹೆಚ್ಚು. ರೋಗವನ್ನು ತಡೆದು ನಿಲ್ಲಿಸಬಹುದು, ಬಾಗಿದ ಮೂಳೆಯನ್ನು ನೇರವಾಗಿಸುವುದು ಸಾಧ್ಯವಾಗುವುದಿಲ್ಲ.

ಆಹಾರದ ವಿಚಾರ ಇಷ್ಟು ಸೂಕ್ಷ್ಮವಲ್ಲ. ಮರಿಯಾಗಿರುವಾಗ ಹೆಚ್ಚಾಗಿ ಹುಳುಗಳನ್ನೂ, ಬೆಳೆದ ಮೇಲೆ ಹೆಚ್ಚಾಗಿ ಸೊಪ್ಪುಗಳನ್ನೂ ತಿನ್ನುವ ಈ ಓತಿಗೆ ಸಾಕುವವರು ಚಿಮ್ಮಂಡೆ, ಮಿಡತೆ, ಇದಕ್ಕೆಂದೇ ಬೆಳೆಸುವ ದುಬಿಯಾ ಜಿರಳೆ, ಕಪ್ಪು ಸೈನಿಕನೊಣದ ಮರಿಹುಳು ಇತ್ಯಾದಿಗಳನ್ನು ಕೊಡುತ್ತಾರೆ. ಕೀಟಗಳಲ್ಲಿ ಕ್ಯಾಲ್ಸಿಯಮಿಗಿಂತ ರಂಜಕವೇ ಸಾಮಾನ್ಯವಾಗಿ ಹೆಚ್ಚು. ಓತಿಗೆ ಬೇಕಾದ ಪ್ರಮಾಣ ಎರಡು ಪಾಲು ಕ್ಯಾಲ್ಸಿಯಮಿಗೆ ಒಂದು ಪಾಲು ರಂಜಕ. ಆದ್ದರಿಂದ ಹುಳುಗಳನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಡುವುದು ಮತ್ತು ಕೊಡುವ ಮುನ್ನ ಹುಳುಗಳಿಗೇ ಒಳ್ಳೆಯ ಸೊಪ್ಪು ಉಣಿಸುವುದು ರೂಢಿ. ದಾಸವಾಳದ ಹೂವು, ಕುಂಬಳ, ಡ್ಯಾಂಡೆಲಿಯನ್ ಎಲೆ ಹಿತವಾದವು, ಪಾಲಕಿನಲ್ಲಿರುವ ಆಕ್ಸಲೇಟು ಕ್ಯಾಲ್ಸಿಯಮನ್ನು ಕಟ್ಟಿಹಾಕುವುದರಿಂದ ಅದು ದಿನದ ಊಟವಾಗಬಾರದು, ಬೆಣ್ಣೆಹಣ್ಣು ವರ್ಜ್ಯ. ನಿಜಕ್ಕೂ ಭಯಪಡಬೇಕಾದದ್ದು ಮಿಣುಕುಹುಳುವಿಗೆ. ಅಮೆರಿಕದ ಕೆಲವು ಮಿಣುಕುಹುಳುಗಳ ಮೈಯಲ್ಲಿ ನೆಲಗಪ್ಪೆಯ ವಿಷವನ್ನು ಹೋಲುವ ರಾಸಾಯನಿಕವಿದ್ದು, ಅವನ್ನು ತಿಂದ ಗಡ್ಡದ ಓತಿಗಳು ಸತ್ತ ವರದಿ 1999ರಲ್ಲಿ ಪ್ರಕಟವಾಯಿತು. ಅಂಥ ಹುಳುವಿನ ಜೊತೆ ಬಾಳಿ ಅರಿಯದ ಆಸ್ಟ್ರೇಲಿಯಾದ ಓತಿಗೆ, ಅಮೆರಿಕದ ಹಲ್ಲಿಗಳಿಗಿರುವ ಎಚ್ಚರ ಇಲ್ಲದಿರುವುದೇ ಇದಕ್ಕೆ ಕಾರಣವಾಗಿರಬೇಕು.

ಸಾಕುಪ್ರಾಣಿಯಾಗಿ ಗಡ್ಡದ ಓತಿಯ ಜನಪ್ರಿಯತೆಗೆ ಅದರ ಸೌಮ್ಯ ಸ್ವಭಾವವೇ ಮುಖ್ಯ ಕಾರಣ. ಹಗಲಿನಲ್ಲಿ ಎಚ್ಚರವಾಗಿದ್ದು, ಕೈಯ ಮೇಲೆ, ಹೆಗಲ ಮೇಲೆ ಕದಲದೆ ಕೂರುವ ಸರೀಸೃಪಗಳು ವಿರಳ. ಆದರೆ ಅದರ ನಡೆಗಳಿಗೆ ಮನುಷ್ಯರು ಹಚ್ಚುವ ಅರ್ಥಗಳಲ್ಲಿ ಅರ್ಧಕ್ಕರ್ಧ ಮನುಷ್ಯರವೇ. ಮುಂಗಾಲೊಂದನ್ನು ಎತ್ತಿ ಗಾಳಿಯಲ್ಲಿ ನಿಧಾನವಾಗಿ ಸುತ್ತಿಸುವ ಅದರ ಚರ್ಯೆಯನ್ನು ‘ಟಾಟಾ ಮಾಡುತ್ತಿದೆ’ ಎಂದು ಮಕ್ಕಳಿಗೆ ತೋರಿಸಲಾಗುತ್ತದೆ. ವಾಸ್ತವದಲ್ಲಿ ಅದು ದೊಡ್ಡ ಓತಿಯ ಎದುರು ಚಿಕ್ಕದು ತನ್ನ ಸೋಲನ್ನು ಒಪ್ಪಿಕೊಳ್ಳುವ ಸಂಕೇತ. ಕನ್ನಡಿಯ ಮುಂದೆ ಅಥವಾ ಇನ್ನೊಂದು ಗಂಡಿನ ಪಕ್ಕದಲ್ಲಿರುವ ಓತಿ ದಿನವಿಡೀ ಗಡ್ಡ ಕಪ್ಪಾಗಿಸಿ ತಲೆಯಾಡಿಸುತ್ತಿದ್ದರೆ ಅದು ಆಟವಲ್ಲ, ಒತ್ತಡ. ಜೋಡಿ ಇಲ್ಲದೆ ಬೇಸರವಾದೀತೆಂದು ಒಂದೇ ಪೆಟ್ಟಿಗೆಯಲ್ಲಿ ಎರಡನ್ನು ಸಾಕುವವರ ಮನೆಯಲ್ಲಿ, ಒಂದು ದೀಪದ ಕಲ್ಲನ್ನು ಆಕ್ರಮಿಸಿದರೆ ಇನ್ನೊಂದು ಮೂಲೆಯಲ್ಲಿ ತಣ್ಣಗೆ ಸೊರಗುತ್ತದೆ. ಕಚ್ಚಾಟದಲ್ಲಿ ಬಾಲದ ತುದಿ ಹೋದರೆ ಮನೆಯ ಹಲ್ಲಿಯದರಂತೆ ಅದು ಮತ್ತೆ ಬೆಳೆಯುವುದಿಲ್ಲ. ಮೇಲಿನಿಂದ ಕೈ ಚಾಚಿ ಎತ್ತಬಾರದೆಂಬ ಸಲಹೆಗೂ ಶರೀರದಲ್ಲಿಯೇ ಕಾರಣವಿದೆ. ನೆತ್ತಿಯ ನಡುವೆ, ಒಂದು ಹುರುಪೆಯ ಕೆಳಗೆ, ಬೆಳಕು ಕತ್ತಲೆಗಳನ್ನಷ್ಟೇ ಅರಿಯುವ ‘ಪಾರ್ಶ್ವಕಪಾಲ ನೇತ್ರ’ ಎಂಬ ಮೂರನೆಯ ಕಣ್ಣೊಂದು ಅದಕ್ಕಿದ್ದು, ಬಯಲಿನ ಓತಿಗೆ ಮೇಲಿನಿಂದ ಬೀಳುವ ನೆರಳೆಂದರೆ ಹದ್ದಿನ ನೆರಳೇ. ಇಷ್ಟಾಗಿ ಅದು ಮಂದಬುದ್ಧಿಯ ಪ್ರಾಣಿಯೂ ಅಲ್ಲ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು ಜೊತೆಗೂಡಿ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಲೆಯಿಂದ ಜಾರುಬಾಗಿಲನ್ನು ಸರಿಸಿ ಆಹಾರ ಪಡೆಯಲು ಕಲಿತ ಓತಿಯನ್ನು ಕಂಡ ಬೇರೆ ಓತಿಗಳು ತಾವೂ ಹಾಗೆಯೇ ಬಾಗಿಲು ತೆರೆದವು, ಕಾಣದಿದ್ದವು ತೆರೆಯಲಿಲ್ಲ.

ಮರಿ ಮಾಡಿಸುವವರ ಕೈಯಲ್ಲಿ ಬಿಸಿಲಿನ ಪ್ರಶ್ನೆ ಇನ್ನೊಂದು ರೂಪ ತಾಳುತ್ತದೆ. ಗಡ್ಡದ ಓತಿಯಲ್ಲಿ ಗಂಡು ಹೆಣ್ಣೆಂಬುದನ್ನು ವರ್ಣತಂತುಗಳು ನಿರ್ಧರಿಸುತ್ತವೆ. ಎರಡು ಝಡ್ ವರ್ಣತಂತುಗಳಿದ್ದರೆ ಗಂಡು, ಒಂದು ಝಡ್ ಒಂದು ಡಬ್ಲ್ಯು ಇದ್ದರೆ ಹೆಣ್ಣು. ಆದರೆ ಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯ ಬಿಸಿ 32 ಡಿಗ್ರಿಯನ್ನು ಮೀರತೊಡಗಿದಂತೆ, ಗಂಡಾಗಬೇಕಿದ್ದ ಭ್ರೂಣಗಳು ಹೆಣ್ಣಾಗಿ ಹೊರಬರತೊಡಗುತ್ತವೆ. ಇದು ಪ್ರಯೋಗಾಲಯದ ಕೌತುಕವಷ್ಟೇ ಅಲ್ಲವೆಂಬುದನ್ನು, ಕಾಡಿನಲ್ಲಿಯೂ ಅಂಥ ಹೆಣ್ಣುಗಳಿರುವುದನ್ನು ಕಂಡುಹಿಡಿದ ಆಸ್ಟ್ರೇಲಿಯಾದ ಸಂಶೋಧಕರು 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಅಂಥ ಹೆಣ್ಣು ಸಾಮಾನ್ಯ ಗಂಡಿನೊಡನೆ ಕೂಡಿ ಇಟ್ಟ ಮೊಟ್ಟೆಗಳಲ್ಲಿ ಡಬ್ಲ್ಯು ವರ್ಣತಂತುವೇ ಇರುವುದಿಲ್ಲವಾದ್ದರಿಂದ, ಆ ಸಂತತಿಯಲ್ಲಿ ಗಂಡು ಹೆಣ್ಣುಗಳ ತೀರ್ಮಾನ ಸಂಪೂರ್ಣವಾಗಿ ಬಿಸಿಯ ಕೈಗೆ ಹೋಗುತ್ತದೆ. ಒಂದೇ ತಲೆಮಾರಿನಲ್ಲಿ ಲಿಂಗನಿರ್ಣಯದ ಇಡೀ ಕ್ರಮವೇ ಬದಲಾಗುತ್ತದೆ.

ವ್ಯಾಪಾರಕ್ಕೆ ಮರಿ ಮಾಡಿಸುವವರ ಲಕ್ಷ್ಯ ಇರುವುದು ಬಣ್ಣ ಮತ್ತು ಚರ್ಮದ ಮೇಲೆ. ಕಿತ್ತಳೆ, ಕೆಂಪು, ಬಿಳಿ ಎಂದು ಆಯ್ದು ಕೂಡಿಸಿದ, ‘ಮಾರ್ಫ್’ ಎಂದು ಕರೆಯಲಾಗುವ ತಳಿಗಳಲ್ಲಿ ಅತ್ಯಂತ ಪ್ರಶ್ನಾರ್ಹವಾದದ್ದು ‘ಸಿಲ್ಕ್‌ಬ್ಯಾಕ್’. ಚರ್ಮದ ಬೆಳವಣಿಗೆಗೆ ಸಂಬಂಧಿಸಿದ ವಂಶವಾಹಿಯೊಂದರ ಬದಲಾದ ಪ್ರತಿ ಒಂದಿದ್ದರೆ ಹುರುಪೆಗಳು ಕುಗ್ಗಿ ‘ಲೆದರ್‌ಬ್ಯಾಕ್’ ಎಂಬ ನುಣುಪು ತಳಿಯಾಗುತ್ತದೆ. ಎರಡೂ ಪ್ರತಿಗಳು ಬದಲಾಗಿದ್ದರೆ ಹುರುಪೆಯೇ ಇಲ್ಲದ, ರೇಷ್ಮೆಯಂತೆ ನಯವಾದ ಸಿಲ್ಕ್‌ಬ್ಯಾಕ್ ಹುಟ್ಟುತ್ತದೆ. ಜಿನೀವಾ ವಿಶ್ವವಿದ್ಯಾಲಯದ ನಿಕೊಲಾ ದಿ-ಪೊಯ್ ಮತ್ತು ಮಿಶೆಲ್ ಮಿಲಿಂಕೊವಿಚ್ 2016ರಲ್ಲಿ ಇದೇ ಓತಿಗಳನ್ನು ಪರಿಶೀಲಿಸಿ, ಕೆಟ್ಟಿರುವುದು ಮನುಷ್ಯರಲ್ಲಿ ಕೂದಲು, ಹಲ್ಲು, ಬೆವರುಗ್ರಂಥಿಗಳ ಬೆಳವಣಿಗೆಗೆ ಬೇಕಾದ ವಂಶವಾಹಿಯೇ ಎಂದು ಗುರುತಿಸಿದರು. ಹಾಗಾಗಿ ಸರೀಸೃಪದ ಹುರುಪೆ, ಹಕ್ಕಿಯ ಗರಿ, ಸ್ತನಿಯ ಕೂದಲು ಮೂರಕ್ಕೂ ಒಂದೇ ಪುರಾತನ ಮೂಲವಿದೆಯೆಂಬ ವಾದಕ್ಕೆ ಬಲ ಬಂತು. ವಿಜ್ಞಾನಕ್ಕೆ ಇದು ದೊಡ್ಡ ಲಾಭ, ಸಿಲ್ಕ್‌ಬ್ಯಾಕ್‌ಗೆ ಏನೂ ಅಲ್ಲ. ಹುರುಪೆಯ ಕವಚವಿಲ್ಲದ ಅದರ ಮೈ ಸುಲಭವಾಗಿ ಒಣಗುತ್ತದೆ, ಗೀರುತ್ತದೆ, ಪೊರೆ ಬಿಡುವಾಗ ಬೆರಳುಗಳಿಗೆ ಸುತ್ತಿಕೊಳ್ಳುತ್ತದೆ. ಇತರ ಓತಿಗಳಿಗೆ ಹಿತವಾದ ದೀಪವೇ ಅದನ್ನು ಸುಡಬಲ್ಲದು. ಬಿಸಿಲನ್ನು ನೆಚ್ಚಿ ವಿಕಾಸವಾದ ಪ್ರಾಣಿಯಿಂದ ಬಿಸಿಲನ್ನು ತಾಳಲಾರದ ತಳಿಯೊಂದನ್ನು ಹಣಕ್ಕಾಗಿ ಹುಟ್ಟಿಸುವುದನ್ನು ಸಮರ್ಥಿಸುವುದು ಕಷ್ಟ.

ಮನುಷ್ಯರ ಆರೋಗ್ಯದ ಮಾತೂ ಇಲ್ಲಿ ಬಿಟ್ಟುಹೋಗಬಾರದು. ಆರೋಗ್ಯವಂತ ಓತಿಯ ಕರುಳಿನಲ್ಲಿಯೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು; ಅಮೆರಿಕದಲ್ಲಿ 2012ರಿಂದ 2014ರವರೆಗೆ ಗಡ್ಡದ ಓತಿಗಳ ಸಂಪರ್ಕದಿಂದ ಹರಡಿದ ಸೋಂಕು 36 ರಾಜ್ಯಗಳಲ್ಲಿ 160ಕ್ಕೂ ಹೆಚ್ಚು ಜನರಿಗೆ ತಗುಲಿತು, ಅವರಲ್ಲಿ ಎಳೆಯ ಮಕ್ಕಳ ಪಾಲು ದೊಡ್ಡದಾಗಿತ್ತು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು, ಅದರ ತಟ್ಟೆಗಳನ್ನು ಅಡುಗೆಮನೆಯ ಸಿಂಕಿನಲ್ಲಿ ಬೆಳಗದಿರುವುದು, ಮುದ್ದಿಸಲು ಮುಖಕ್ಕೆ ತಾಗಿಸದಿರುವುದು ಇದಕ್ಕೆ ಉಪಾಯ.

ಭಾರತದ ನಗರಗಳಲ್ಲಿಯೂ ವಿದೇಶಿ ಸರೀಸೃಪಗಳನ್ನು ಸಾಕುವ ಹವ್ಯಾಸ ಈಗ ಕಾಣಿಸಿಕೊಂಡಿದೆ. ಕಾಡುಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಗಳಲ್ಲಿರುವ ಜೀವಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕೆಂದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ವಿಧಿಸಿದೆ, ಅದರ ನಿಯಮಗಳು 2024ರಲ್ಲಿ ಬಂದವು. ಪಟ್ಟಿಗಳು ಆಗಾಗ ಬದಲಾಗುವುದರಿಂದ ಕೊಳ್ಳುವ ಮುನ್ನ ಪ್ರಾಣಿಯ ಮೂಲದ ಕಾಗದಪತ್ರಗಳನ್ನು ಕೇಳಿ ಪಡೆಯುವುದೇ ಲೇಸು. ಉಡ, ನಕ್ಷತ್ರ ಆಮೆಗಳಂಥ ಈ ನೆಲದ ಸರೀಸೃಪಗಳನ್ನು ಮನೆಯಲ್ಲಿಡುವುದಂತೂ ಶಿಕ್ಷಾರ್ಹ ಅಪರಾಧ. ಕಾನೂನಿನಷ್ಟೇ ಇಲ್ಲಿನ ಹವೆಯನ್ನೂ ಗಮನಿಸಬೇಕು: ಬೇಸಿಗೆಯ ಕಲಬುರಗಿಯ ಮಧ್ಯಾಹ್ನ 40 ಡಿಗ್ರಿ ದಾಟುವಾಗ ಓತಿಗೆ ಬೇಕಾಗುವುದು ದೀಪವಲ್ಲ, ತಂಪಿನ ಮೂಲೆ. ಡಿಸೆಂಬರಿನ ಬೆಂಗಳೂರಿನಲ್ಲಿ ಕರೆಂಟು ಹೋದರೆ ಕಲ್ಲು ಬೇಗನೆ ತಣ್ಣಗಾಗುತ್ತದೆ. ಜಡ್ಡಾದರೆ ಒಯ್ಯಬೇಕಾದದ್ದು ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಬಳಿಗೆ, ದನ ನಾಯಿಗಳನ್ನು ನೋಡಿ ಅನುಭವವಿರುವ ವೈದ್ಯರೆಲ್ಲರಿಗೂ ಓತಿಯ ದವಡೆ ಪರಿಚಿತವಾಗಿರುವುದಿಲ್ಲ.

ರಾತ್ರಿ ದೀಪಗಳು ಆರಿದ ಮೇಲೆ ಓತಿ ತಂಪಿನ ಕಡೆಗೆ ಸರಿದು, ಕಣ್ಣುಮುಚ್ಚಿ ಮಲಗುತ್ತದೆ. ಅದರ ನಿದ್ರೆಯನ್ನು ಫ್ರಾಂಕ್‌ಫರ್ಟಿನ ಮ್ಯಾಕ್ಸ್ ಪ್ಲಾಂಕ್ ಮಿದುಳು ಸಂಶೋಧನಾ ಸಂಸ್ಥೆಯಲ್ಲಿ ಜಿಲ್ ಲೊರಾಂ ಮತ್ತು ಸಂಗಡಿಗರು ಅಳೆದು 2016ರಲ್ಲಿ ಪ್ರಕಟಿಸಿದಾಗ, ಹಕ್ಕಿಗಳಿಗೂ ಸ್ತನಿಗಳಿಗೂ ಮಾತ್ರ ಮೀಸಲೆಂದು ತಿಳಿಯಲಾಗಿದ್ದ, ಕಣ್ಣಾಲಿಗಳು ರೆಪ್ಪೆಯೊಳಗೆ ಚಲಿಸುವ ನಿದ್ರಾವಸ್ಥೆ ಓತಿಯಲ್ಲಿಯೂ ಇರುವುದು ತಿಳಿದುಬಂತು; ಸುಮಾರು 80 ಸೆಕೆಂಡುಗಳಿಗೊಮ್ಮೆ ಮರುಕಳಿಸುವ ಆ ಚಕ್ರ ಒಂದು ರಾತ್ರಿಯಲ್ಲಿ 350ರಷ್ಟು ಸಲ ತಿರುಗುತ್ತದೆ. ಚೆನ್ನಾಗಿ ಸಾಕಿದ ಗಡ್ಡದ ಓತಿ ಹತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬದುಕುತ್ತದೆ. ವರ್ಷಕ್ಕೊಂದರಂತೆ ಬದಲಾಯಿಸುತ್ತ ಹೋದರೆ ಅಷ್ಟು ಆಯುಸ್ಸಿಗೆ ಹತ್ತು ಹನ್ನೆರಡು ಕೊಳವೆಗಳು ಬೇಕಾಗುತ್ತವೆ, ಕಳಚಿಟ್ಟ ಹಳೆಯವುಗಳಲ್ಲಿ ಯಾವುದನ್ನು ಮತ್ತೆ ಸಿಕ್ಕಿಸಿ ಸ್ವಿಚ್ಚು ಹಾಕಿದರೂ ಕೋಣೆಯ ತುಂಬ ಬೆಳಕಾಗುತ್ತದೆ. ಓತಿಗೆ ಬೇಕಾದ ಬಿಸಿಲು ಮಾತ್ರ ಅದರಲ್ಲಿ ಉಳಿದಿರುವುದಿಲ್ಲ.